ಬೋಳಗುಡ್ಡದ ಮೌನಿಸ್ವಾಮಿಗಳ ಊಟದ ಡಬ್ಬಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ದಾಂಡೇಲಿಯ ನಮ್ಮ ಓಣಿಯ ಹಿಂದಿರುವ ಬೋಳಗುಡ್ಡದ ಮೇಲೆ ಮೌನಿಸ್ವಾಮಿಗಳೊಬ್ಬರು ತಪಸ್ಸಿಗೆ ಕುಳಿತಿದ್ದಾರೆಂದು ಅರ್ಧ ಊರು ನಂಬಿತ್ತಲ್ಲ, ಅದಕ್ಕೆ ಕಾರಣ ಆ ಸ್ವಾಮಿಗಳಲ್ಲ, ನಾನು. ಕಾರಣರಾಗಲು ಅವರು ಇರಲೇ ಇಲ್ಲ. ಮದುವೆಮನೆಗಳಲ್ಲಿ, ಜೋಯಿಡಾ ಕಡೆಯ ಹೋಂಸ್ಟೇಗಳ ಅಂಗಳದಲ್ಲಿ, ಮಂಗಟ್ಟೆ ಹಕ್ಕಿಯಿಂದ ಮಂತ್ರಿಮಹೋದಯರವರೆಗೆ ಸಕಲ ಜೀವರಾಶಿಯ ದನಿಯನ್ನು ಅನುಕರಿಸಿ ಹೊಟ್ಟೆ ಹೊರೆಯುವ ನಾನು ಇಷ್ಟು ವರ್ಷಗಳಲ್ಲಿ ಸ್ವಂತ ಪ್ರತಿಭೆಯಿಂದ ಸೃಷ್ಟಿಸಿದ್ದು ಒಂದೇ ಪಾತ್ರ. ಅದೂ ಬಾಯಿ ಬಿಡದ ಪಾತ್ರ.

ಇಷ್ಟಕ್ಕೆಲ್ಲ ಮೂಲ ಒಂದು ಕ್ಷುಲ್ಲಕ ಪ್ರಶ್ನೆ. ನಮ್ಮಲ್ಲಿ ಮನೆಯಿಂದ ಹೊರಬಿದ್ದವರನ್ನು ಎದುರಿಗೆ ಸಿಕ್ಕವರು ‘ಎಲ್ಲಿಗೆ ಹೊಂಟೀರಿ?’ ಎಂದು ಕೇಳದೆ ಬಿಡುವುದಿಲ್ಲ. ಕುತೂಹಲವೆಂದು ತಿಳಿಯಬೇಡಿ, ಅದು ಶಿಷ್ಟಾಚಾರ. ಕೇಳದಿದ್ದರೆ ಜಗಳವಾಗಿದೆ ಎಂದು ಅರ್ಥ. ಗಂಡಸಾದವನು ‘ಎಲ್ಲೂ ಇಲ್ಲ, ಸುಮ್ನ’ ಎಂದು ಕೈಬೀಸಿ ಮುಂದೆ ಸಾಗಬಹುದು. ಆದರೆ ಆ ‘ಸುಮ್ನ’ ಎಂಬ ಅಮೂಲ್ಯ ಪರವಾನಗಿಯನ್ನು ಹೆಂಗಸರ ಹೆಸರಿಗೆ ಈವರೆಗೆ ಯಾರೂ ಮಾಡಿಕೊಟ್ಟಿಲ್ಲ. ಗೃಹಿಣಿಯೊಬ್ಬಳು ಸುಮ್ಮನೆ ನಡೆಯಲು ಹೊರಟಳೆಂದರೆ ಸಂಜೆಯೊಳಗೆ ಓಣಿಯಲ್ಲಿ ಪಕ್ಷಗಳೇರ್ಪಟ್ಟು, ಗಂಡನೊಡನೆ ಕಲಹವೆಂದು ಒಂದು ಬಣ, ಸಕ್ಕರೆ ಕಾಯಿಲೆಯೆಂದು ಇನ್ನೊಂದು ಬಣ, ಗುಟ್ಟಾಗಿ ಸೈಟು ನೋಡಿ ಬಂದಿದ್ದಾಳೆಂದು ಮಗದೊಂದು ಬಣ ವಾದಕ್ಕೆ ಇಳಿಯುತ್ತವೆ.

ಹಾಗೆಂದು ನಮ್ಮ ಕಡೆಯ ಹೆಂಗಸರಿಗೆ ನಡಿಗೆ ಬಾರದೆಂದಲ್ಲ. ತಲೆಯ ಮೇಲೆ ಕಟ್ಟಿಗೆ, ಕಂಕುಳಲ್ಲಿ ಕೂಸು, ಕೈಯಲ್ಲಿ ಹಳಿಯಾಳದ ಸಂತೆಯ ಚೀಲ, ಹೀಗೆ ಏನಾದರೊಂದು ಇದ್ದರೆ ಅವರು ಎಷ್ಟು ದೂರ ನಡೆದರೂ ಯಾರ ಹುಬ್ಬೂ ಏರದು. ಆಕ್ಷೇಪಣೆ ಇರುವುದು ಕಾಲುಗಳ ಬಗ್ಗೆ ಅಲ್ಲ, ಖಾಲಿ ಕೈಗಳ ಬಗ್ಗೆ.

ಈಗ ನಿರ್ಮಲಾ ಕಾಕುವನ್ನು ನಿಮಗೆ ಪರಿಚಯಿಸಬೇಕು. ನನ್ನ ಅಪ್ಪನ ತಮ್ಮನ ಹೆಂಡತಿ. ಅವರ ಮನೆಯ ಮಹಡಿಕೋಣೆಯಲ್ಲೇ ನನ್ನ ವಾಸ, ಅವರ ರೊಟ್ಟಿಯಿಂದಲೇ ನನ್ನ ಕಲಾಸೇವೆ. ಕಾಕು ಸ್ಥೂಲಕಾಯದವಳು, ನಡಿಗೆ ನಿಧಾನ. ಒಂದು ಹೆಜ್ಜೆ ಇಟ್ಟ ಮೇಲೆ ಇನ್ನೊಂದು ಇಡಬೇಕೋ ಬೇಡವೋ ಎಂದು ಒಮ್ಮೆ ಆಲೋಚಿಸುವಂಥ ನಡಿಗೆ. ಕೃತಘ್ನನಾದ ನಾನು ಅದನ್ನೂ ನನ್ನ ಕಾರ್ಯಕ್ರಮದಲ್ಲಿ ಸೇರಿಸಿಕೊಂಡು ಚಪ್ಪಾಳೆ ಗಿಟ್ಟಿಸಿದ್ದೇನೆ. ಒಮ್ಮೆ ಮನೆಮಂದಿಯೆಲ್ಲ ಉಳವಿಗೆ ಹೋಗಿದ್ದೆವು. ದರ್ಶನ ಮುಗಿಸಿ ಎಲ್ಲರೂ ಕಾಡಿನ ದಾರಿ ಹಿಡಿದು ಗವಿ ನೋಡಲು ಹತ್ತಿದರೆ, ‘ನೀ ಭಾಳ ಹಗೂರ ನಡೀತಿ, ನಿನ್ನಿಂದ ನಮಗೂ ತಡಾ’ ಎಂದು ಕಾಕಾ ಅವಳನ್ನು ಕೆಳಗೆ ಚಪ್ಪಲಿಗಳ ರಾಶಿಯ ಪಕ್ಕದಲ್ಲಿ ಕೂರಿಸಿದರು. ನೆಂಟರ ಯಾವ ಪ್ರವಾಸದಲ್ಲಾದರೂ ಅವಳ ಹುದ್ದೆ ಅದೇ: ಪಾದರಕ್ಷಾ ಸಂರಕ್ಷಣಾಧಿಕಾರಿ. ಮರಳುವಾಗ ನನ್ನ ಪಕ್ಕ ಕುಳಿತು ಕೇಳಿದಳು, ‘ಅಲ್ಲೋ, ಹತ್ತಿದವ್ರೆಲ್ಲ ಮಾರಿ ಅರಳಿಸ್ಕೊಂಡು ಇಳೀತೀರಿ. ಮ್ಯಾಲ ಏನ್ ಕಾಣತೈತಿ?’

ನಾನು ಆ ಪ್ರಶ್ನೆಯನ್ನೇ ಅವಳ ದನಿಯಲ್ಲಿ ಅನುಕರಿಸಿ ತೋರಿಸಿದೆ.

ಉತ್ತರವನ್ನು ಅವಳೇ ಹುಡುಕಲು ಹೊರಟಳು. ಅಡುಗೆಮನೆಯ ಕಿಟಕಿಯಲ್ಲಿ ದಿನಬೆಳಗಾದರೆ ಕಾಣುವ ಬೋಳಗುಡ್ಡವನ್ನು ಒಮ್ಮೆ, ತನ್ನ ಕಾಲಲ್ಲಿ, ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡು ಹತ್ತುವುದೆಂದು ನಿಶ್ಚಯಿಸಿದಳು. ಅಡ್ಡಿ ಒಂದೇ, ಖಾಲಿ ಕೈ. ಆದರೆ ನಮ್ಮದು ಕಾಗದದ ಮಿಲ್ಲಿನ ಊರು. ಮಧ್ಯಾಹ್ನದ ಮುಂಚೆ ಕೈಯಲ್ಲಿ ಊಟದ ಡಬ್ಬಿ ಹಿಡಿದ ಹೆಂಗಸನ್ನು ಇಲ್ಲಿ ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಗಂಡನೋ ಮಗನೋ ಶಿಫ್ಟಿನಲ್ಲಿದ್ದಾನೆ, ಗೇಟಿಗೆ ಕೊಟ್ಟು ಬರುತ್ತಾಳೆ, ಅಷ್ಟೆ. ಕಾಕು ಡಬ್ಬಿಗೆ ರೊಟ್ಟಿಪಲ್ಲೆ ತುಂಬಿ ಮಿಲ್ಲಿಗೆ ಬೆನ್ನು ಮಾಡಿ ಹೊರಟೇಬಿಟ್ಟಳು. ಮೊದಲ ದಿನ ಗುಡ್ಡದ ಬುಡದ ಗೇರುಮರದವರೆಗೆ ಹೋಗಿ, ಕುಳಿತು, ಉಂಡು, ವಾಪಸು ಬಂದಳು. ಕೆಲ ದಿನಗಳಲ್ಲಿ ಪಕ್ಕದ ಮನೆಯ ಗೌರಕ್ಕನೂ ಎದುರಿನ ಟೇಲರಿಂಗಿನ ಜುಬೇದಾ ಆಪಾನೂ ಡಬ್ಬಿ ಸಮೇತ ಕೂಡಿಕೊಂಡರು.

ಅಂಗರಕ್ಷಕನಾಗಿ ಒಂದೆರಡು ಸಲ ನಾನೂ ಹೋದೆ. ಯೌವನದ ಅಹಂಕಾರದಿಂದ ಮೊದಲ ತಿರುವಿನವರೆಗೆ ಓಡಿ, ಅಲ್ಲಿ ಮಂಡಿ ಹಿಡಿದು ಏದುಸಿರು ಬಿಡುತ್ತ ಕುಳಿತಿದ್ದಾಗ ಈ ಮೂವರು ಮಾತಾಡುತ್ತ ಮಾತಾಡುತ್ತ ನನ್ನನ್ನು ದಾಟಿ ಹೋದರು. ಮುಂಡಗೋಡ ತಾಲೂಕಿನ ಇಂದೂರಿನ ಹೊಲದಲ್ಲಿ ಬೆಳೆದ ಗೌರಕ್ಕ ಪ್ರತಿ ಏರಿಗೂ ಒಬ್ಬ ನೆಂಟನನ್ನು ಆಯ್ದುಕೊಂಡು ಬೈಯುತ್ತಿದ್ದಳು. ಬೈಗುಳ ಮುಗಿಯುವಾಗ ಏರೂ ಮುಗಿದಿರುತ್ತಿತ್ತು. ಮಗನ ಕ್ರಿಕೆಟ್ ಬೂಟು ಹಾಕಿದ್ದ ಜುಬೇದಾ ಆಪಾ ನೆರಳು ಕಂಡಲ್ಲೆಲ್ಲ ಕುಳಿತುಬಿಡುತ್ತಿದ್ದಳು. ಕಾಕುವಂತೂ ಗಿಡಗಿಡಕ್ಕೂ ನಿಂತು, ಇದು ಯಾವುದು, ಇದರ ಹಣ್ಣು ತಿನ್ನಬಹುದೇ ಎಂದು ಪರೀಕ್ಷಿಸಿ ಮುಂದೆ ಸಾಗುತ್ತಿದ್ದಳು. ಅಕ್ಕಂದಿರೇ, ಗುಡ್ಡ ಹತ್ತಲು ಕಾಡಿನ ಬಣ್ಣದ ಪ್ಯಾಂಟು, ಊರುಗೋಲು, ಎತ್ತರ ಅಳೆಯುವ ಗಡಿಯಾರ ಬೇಕೆಂದು ನಿಮಗೆ ಯಾರೋ ಹೇಳಿರುತ್ತಾರೆ, ಬಹುಶಃ ನನ್ನಂಥವನೇ. ನಾನು ಕಂಡ ಮಟ್ಟಿಗೆ ಬೇಕಾದದ್ದು ದಣಿವಾದಲ್ಲಿ ಕೂರುವ ನಿರ್ಲಜ್ಜತನ. ಇವತ್ತು ಗೇರುಮರದ ತನಕ, ನಾಳೆ ಹಾಸುಬಂಡೆಯ ತನಕ. ಗುಡ್ಡವೇನೂ ಹಾಜರಿ ಕರೆಯುವುದಿಲ್ಲ.

ಹಾಜರಿ ಕರೆಯುವವರು ಬೇರೆ ಇದ್ದರು. ಬಸಣ್ಣ ಮಾಸ್ತರು ನಿವೃತ್ತ ಡ್ರಿಲ್ ಮಾಸ್ತರು; ಶಾಲೆಯನ್ನು ಬಿಟ್ಟರೂ ಕೊರಳಿನ ಸೀಟಿಯನ್ನು ಬಿಟ್ಟವರಲ್ಲ. ಒಂದು ದಿನ ಚಹಾದಂಗಡಿಯಲ್ಲಿ ನನ್ನನ್ನು ಹಿಡಿದು, ಮಿಲ್ಲಿನ ಗೇಟು ಆ ಕಡೆ, ನಿಮ್ಮ ಕಾಕುವಿನ ಡಬ್ಬಿ ಈ ಕಡೆ, ಗುಡ್ಡದ ಮೇಲೆ ಉಣ್ಣುವವರು ಯಾರು ಎಂದು ತನಿಖೆ ಆರಂಭಿಸಿದರು. ನಿಜ ಹೇಳಲು ಒಂದು ವಾಕ್ಯ ಸಾಕಿತ್ತು. ಆದರೆ ನನ್ನಂಥ ಕಸುಬಿನವನಿಗೆ ಒಂದು ವಾಕ್ಯದಲ್ಲಿ ಮುಗಿಯುವ ಮಾತು ಮಾತೇ ಅಲ್ಲ. ಬೆಂಚಿನ ಮೇಲೆ ಪದ್ಮಾಸನ ಹಾಕಿ, ಚಹಾದ ಗ್ಲಾಸನ್ನು ಕಮಂಡಲುವಿನಂತೆ ಹಿಡಿದು, ಕಣ್ಣು ಅರೆಮುಚ್ಚಿ, ಒಂದೇ ಹುಬ್ಬಿನಿಂದ ಆಶೀರ್ವದಿಸಿ, ಮೇಲೆ ಮೌನಿಸ್ವಾಮಿಗಳಿದ್ದಾರೆ ಎಂದೆ. ಚಹಾ ಕುಡಿಯುತ್ತಿದ್ದವರು ಗ್ಲಾಸು ಕೆಳಗಿಟ್ಟು ಗುಡ್ಡದ ಕಡೆ ತಿರುಗಿ ಕೈಮುಗಿದರು. ಅದು ನನ್ನ ವೃತ್ತಿಜೀವನದ ಅತ್ಯುತ್ತಮ ಪ್ರದರ್ಶನವೆಂದು ಇಂದಿಗೂ ನಂಬಿದ್ದೇನೆ.

ಮರುದಿನದಿಂದ ನಮ್ಮ ಮನೆಗೆ ನೈವೇದ್ಯ ಬರತೊಡಗಿತು. ಬಾಳೆಗೊನೆ, ತುಪ್ಪದ ಉಂಡೆ, ಸೊಳ್ಳೆಪರದೆ, ಸ್ವಾಮಿಗಳಿಗೆ ಬೆನ್ನುನೋವು ಬಂದೀತೆಂದು ಯಾರೋ ಕಳಿಸಿದ ನೋವಿನೆಣ್ಣೆ. ಉಂಡೆಗಳನ್ನು ಮೂವರು ತಪಸ್ವಿನಿಯರು ಹಂಚಿಕೊಂಡರು, ಎಣ್ಣೆಯನ್ನು ಕಾಕು ಮೊಣಕಾಲಿಗೆ ಹಚ್ಚಿಕೊಂಡಳು, ಬಾಳೆಹಣ್ಣು ಗುಡ್ಡದ ಮುಸಿಯ ಕೋತಿಗಳ ಪಾಲಾಯಿತು. ಡಬ್ಬಿಗಳು ದಿನವೂ ಬರಿದಾಗಿ ಮರಳುವುದನ್ನು ಕಂಡ ಊರು ಸ್ವಾಮಿಗಳ ಜಠರಾಗ್ನಿಗೆ ಬೆರಗಾಯಿತು. ಜುಬೇದಾ ಆಪಾಳ ಡಬ್ಬಿಯಿಂದ ಬಿರಿಯಾನಿಯ ಘಮ ಬಂದದ್ದನ್ನು ಮೂಸಿದವರು ಸ್ವಲ್ಪ ಗಲಿಬಿಲಿಗೊಂಡರಾದರೂ, ಸ್ವಾಮಿಗಳು ಭೇದಭಾವವನ್ನೆಲ್ಲ ಮೀರಿದವರಿರಬೇಕೆಂದು ಚಹಾದಂಗಡಿ ತೀರ್ಪು ಕೊಟ್ಟಿತು. ಕಾಕಾ ಕೂಡ ಹೆಂಡತಿಯನ್ನು ಬಹುವಚನದಲ್ಲಿ ಮಾತಾಡಿಸಲು ಶುರುಮಾಡಿದರು. ಕಾಕು ನನ್ನನ್ನು ದುರುಗುಟ್ಟಿ ನೋಡಿ, ಡಬ್ಬಿ ಎತ್ತಿಕೊಂಡು ಗುಡ್ಡದ ಕಡೆ ನಡೆದಳು. ಅವಳಿಗಾಗ ಉಳಿದಿದ್ದುದು ಹಾಸುಬಂಡೆಯ ಮೇಲಿನ ಕೊನೆಯ ಏರೊಂದೇ.

ಅಷ್ಟರಲ್ಲಿ ಬಸಣ್ಣ ಮಾಸ್ತರು ಸಾಮೂಹಿಕ ದರ್ಶನ ಘೋಷಿಸಿದರು. ಬರುವ ಭಾನುವಾರ ಇಡೀ ಓಣಿ ಬರಿಗಾಲಲ್ಲಿ, ಜೋಡಿಸಾಲಿನಲ್ಲಿ, ಸೀಟಿಯ ತಾಳಕ್ಕೆ ಅರ್ಧ ತಾಸಿನೊಳಗೆ ಶಿಖರ ಮುಟ್ಟತಕ್ಕದ್ದು. ಹಿಂದೆ ಬೀಳುವವರು ಕೆಳಗೆ ಕೂರತಕ್ಕದ್ದು. ನನಗೆ ಸ್ವಾಮಿಗಳು ಬಯಲಾಗುತ್ತಾರೆಂಬ ಭಯ ಒಂದಾದರೆ, ಕೊನೆಯ ಏರಿನ ಹೊಸ್ತಿಲಲ್ಲಿದ್ದ ಕಾಕು ಮತ್ತೆ ಚಪ್ಪಲಿಯ ರಾಶಿಯ ಪಕ್ಕ ಸ್ಥಾಪಿತಳಾಗುತ್ತಾಳೆಂಬುದು ಅದಕ್ಕಿಂತ ಹೆಚ್ಚು ಚುಚ್ಚಿತು. ಧೈರ್ಯ ತಂದುಕೊಂಡು ಚಹಾದಂಗಡಿಗೆ ಹೋಗಿ, ಸ್ವಾಮಿಗಳಿಲ್ಲ, ನಾನೇ ಕಟ್ಟಿದ ಕಥೆ, ಕ್ಷಮಿಸಿ ಎಂದು ಕೈಮುಗಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಇದು ಯಾರ ದನಿ, ಬ್ಯಾಂಕಿನ ಮ್ಯಾನೇಜರದೋ ಡಾಕ್ಟರದೋ ಎಂದು ಪಂದ್ಯವೂ ನಡೆಯಿತು. ಊರಿನ ಪ್ರತಿಯೊಬ್ಬರ ದನಿಯನ್ನೂ ತೆಗೆಯುವವನ ಸ್ವಂತ ದನಿ ಮಾತ್ರ ಊರಿಗೆ ಗುರುತು ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ಗುಡ್ಡದ ಬುಡದಲ್ಲಿ ಶುಭ್ರ ಧೋತರಗಳು, ಹೂಮಾಲೆಗಳು, ಆಗಲೇ ರಾಶಿ ಬಿದ್ದ ಚಪ್ಪಲಿಗಳು. ಮೂವರೂ ಎಂದಿನಂತೆ ನಿಧಾನವಾಗಿ ಬಂದರು. ಜುಬೇದಾ ಆಪಾ ಬೂಟು ಬಿಚ್ಚಲು ಒಪ್ಪಲಿಲ್ಲ. ಮಾಸ್ತರು ಸೀಟಿ ಊದುವ ಮುನ್ನವೇ ಕಾಕು, ಉಪ್ಪು ಕಡಿಮೆಯಾಗಿದೆ ಎಂದು ಹೇಳುವಷ್ಟೇ ಸಹಜವಾಗಿ, ಮೇಲೆ ಯಾವ ಸ್ವಾಮಿಯೂ ಇಲ್ಲ, ಡಬ್ಬಿ ಉಂಡವರು ನಾವು ಮೂವರೇ, ಹತ್ತುವುದು ನಮ್ಮ ಖುಷಿಗೆ ಎಂದು ತಿಳಿಸಿದಳು. ನನ್ನನ್ನು ನಂಬದ ಊರು ಅವಳನ್ನು ತಕ್ಷಣ ನಂಬಿತು. ಹೂಮಾಲೆ ಹಿಡಿದವರು ಅದನ್ನು ಏನು ಮಾಡಬೇಕೆಂದು ತಿಳಿಯದೆ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಭಕ್ತಿ ಇರಲಿಲ್ಲ. ಕಾಕಾ ಬಹುವಚನವನ್ನು ಅಲ್ಲಿಯೇ ಕೈಬಿಟ್ಟರು.

ಆದರೆ ಸಂಘಟಕರ ಯೋಜನೆಗೆ ದೇವರಾಗಲಿ ಗುರುವಾಗಲಿ ಇರಲೇಬೇಕೆಂದಿಲ್ಲ. ಮಾಸ್ತರು ಕ್ಷಣಮಾತ್ರದಲ್ಲಿ ಚೇತರಿಸಿಕೊಂಡು, ಸ್ವಾಮಿ ಇಲ್ಲದಿದ್ದರೇನಾಯಿತು, ಇಷ್ಟು ಮಂದಿ ಕೂಡಿದ್ದೇವೆ, ಆರೋಗ್ಯಕ್ಕಾಗಿ ಹತ್ತೋಣ ಎಂದು ಸಾಲು ಸರಿಪಡಿಸತೊಡಗಿದರು. ತೆಗೆದ ಚಪ್ಪಲಿಯನ್ನು ಮತ್ತೆ ಹಾಕಿಕೊಳ್ಳಲು ಯಾರಿಗೂ ಹೊಳೆಯಲಿಲ್ಲ. ಆಮೇಲೆ ಅವರು ಕಾಕುವಿನ ಕಡೆ ತಿರುಗಿ, ಅತ್ಯಂತ ಮರ್ಯಾದೆಯಿಂದಲೇ, ‘ನೀವು ಹಗೂರ ನಡೀತೀರಿ ನಿರ್ಮಲಾಬಾಯಾರ, ನಮಗ ಲಗೂ ಮುಟ್ಟೂದೈತಿ. ಇಲ್ಲೇ ಕೂಡ್ರಿ, ಚಪ್ಪಲಿ ಕಡೆ ಲಕ್ಷ್ಯ ಇರ್ಲಿ’ ಎಂದರು. ಕಾಕಾ ತಲೆಯಾಡಿಸಿದರು. ಗೌರಕ್ಕ ಬೈಯಲು ಬಾಯಿ ತೆರೆದಳು. ಕಾಕು ಅವಳ ಮೊಣಕೈ ಹಿಡಿದು ತಡೆದಳು. ನಂತರ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲುದಾರಿಯ ಮೇಲೆ ಒಂದು ಹೆಜ್ಜೆ ಇಟ್ಟು, ಅಭ್ಯಾಸದಂತೆ ನಿಂತು, ಮಾಸ್ತರರನ್ನೂ ಕಾಕಾನನ್ನೂ ಒಟ್ಟಿಗೆ ನೋಡಿ ಹೇಳಿದಳು:

‘ಅವಸರ ಇದ್ದವ್ರು ಮುಂದ ಹೋಗಿ ಅಡಿಗಿ ಮಾಡಿ ಇಡ್ರಿ. ನಾವು ಬರೂತನಕ ಬಿಸಿ ಇರ್ಲಿ.’