ಪ್ರಾರ್ಥನೆಯ ಹೊತ್ತಿಗೆ ನಿಲ್ಲುವ ವ್ಯಾನು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದ್ವೀಪದ ರಾಜಧಾನಿ ಅಪಿಯಾದ ಮಾರುಕಟ್ಟೆಯ ಹಿಂದೆ ಚಾಲಕ ಇಯೊಪು ಒಂದು ಮೊಂಡು ಪೊರಕೆ ಹಿಡಿದು ತಮ್ಮ ಪ್ರವಾಸಿ ವ್ಯಾನಿನ ನೆಲ ಉಜ್ಜುತ್ತಿದ್ದಾರೆ. ನಿನ್ನೆ ಪ್ರವಾಸಿಗರ ಕಾಲಲ್ಲಿ ಬಂದ ಲಾನೊತೊ ಕೆರೆಯ ಕೆಸರು ಒಣಗಿ ಕಲ್ಲಾಗಿದೆ. ಪಕ್ಕದ ವ್ಯಾನಿನ ಚಾಲಕ ಸೆಕೊನೆ ಬಿಸಿ ಕೊಕೊ ಕುಡಿಯುತ್ತಾ ಕೆಣಕುತ್ತಾನೆ: "ಏನ್ ಪಾದ್ರಿಗಳೇ, ಇವತ್ತೂ ನಡುರಸ್ತೇಲಿ ಪ್ರಾರ್ಥನೆನಾ?"

"ನಿನ್ನ ಟೈರ್ ನೋಡ್ಕೊ ಹೋಗೋ. ನಿನ್ನ ತಲೆಗಿಂತ ನುಣ್ಣಗಾಗಿದೆ."

ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಇಯೊಪು ಓಡಿಸುವುದು ಇದೇ ದಾರಿ. ಬೆಳಿಗ್ಗೆ ಆರಿದ ಅಗ್ನಿಪರ್ವತದ ಬಾಯಲ್ಲಿ ನಿಂತ ಕೆರೆ, ಮಧ್ಯಾಹ್ನ ಜಲಪಾತ, ಆಮೇಲೆ ಲಾವಾ ಹರಿದು ಕರಿಬಂಡೆಯಾದ ದಕ್ಷಿಣದ ಕಡಲತೀರ. ಸಾವಿರಾರು ಫೋಟೊಗಳಲ್ಲಿ ಒಂದರಲ್ಲೂ ಅವರಿಲ್ಲ. ತೆಗೆದುಕೊಡುವವರು ಅವರೇ.

ಕತ್ತಲಾಗುವ ಮೊದಲು ಪ್ರವಾಸಿಗರನ್ನು ಕಡಲ ದಂಡೆಯ ಗುಡಿಸಲುಗಳಿಗೆ ಮುಟ್ಟಿಸಬೇಕು. ದಾರಿಯಲ್ಲಿ ಇಯೊಪು ಅವರದೇ ಊರು. ಅಲ್ಲಿ ಸಂಜೆ ಯಾರೋ ಖಾಲಿ ಗ್ಯಾಸ್ ಸಿಲಿಂಡರ್ ಬಡಿದರೆ 'ಸಾ' ಶುರುವಾದಂತೆ. ಮನೆಮನೆಯಲ್ಲಿ ಪ್ರಾರ್ಥನೆ, ರಸ್ತೆಯಲ್ಲಿ ಊರ ಹುಡುಗರ ಕಾವಲು. ಮತ್ತೆ ಬಡಿಯುವ ತನಕ ಯಾವ ಗಾಡಿಯೂ ಕದಲುವಂತಿಲ್ಲ.

ಕಳೆದ ಮೇ ತಿಂಗಳ ಒಂದು ಸಂಜೆ ಇಯೊಪು ಹಾಗೆಯೇ ನಿಲ್ಲಿಸಿದ್ದರು. ಹಿಂದಿನ ಸೀಟಿನಲ್ಲಿ ಒಂಟಿಯಾಗಿ ಬಂದಿದ್ದ ಎಡಿತ್ ಎಂಬ ವೃದ್ಧೆ.

"ಕನ್ನಡಿಲಿ ನೋಡ್ದೆ," ಎನ್ನುತ್ತಾರೆ ಇಯೊಪು. " ಮಿಕ್ಕೋರೆಲ್ಲ ಫೋನ್ ಒತ್ತುತ್ತಿದ್ರು. ಆಯಮ್ಮ ಒಬ್ಬರೇ ತಲೆ ಬಗ್ಗಿಸಿದ್ರು. ಪರದೇಶದೋರು, ನಮ್ಮ 'ಸಾ'ಗೆ ಎಷ್ಟು ಮರ್ಯಾದೆ ಕೊಡ್ತಾರೆ ಅಂತ ಖುಷಿಯಾಯ್ತು. ನಾನೂ ಕಣ್ಣು ಮುಚ್ಚಿದೆ."

ಸಿಲಿಂಡರ್ ಮತ್ತೆ ಬಡಿಯಿತು. ಆ ತಲೆ ಮೇಲೇಳಲಿಲ್ಲ. ವ್ಯಾನು ಬೆಟ್ಟ ದಾಟಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಡಿತ್ ತೀರಿಕೊಂಡಿದ್ದರು.

"ಸ್ವಲ್ಪ ಮೊದಲೇ ತಂದಿದ್ರೆ, ಅಂದ್ರು ಡಾಕ್ಟರು. ಅಷ್ಟಕ್ಕೇ ನಿಲ್ಲಿಸಿದ್ರು. ಪೂರ್ತಿ ಬೈದಿದ್ರೆ ಒಳ್ಳೇದಿತ್ತು."

ವ್ಯಾನಿನ ಮಾಲೀಕರು ಊರ ಹಿರಿಯರಲ್ಲಿಗೆ ಹೋದರು: ಪ್ರವಾಸಿ ಗಾಡಿಗಳಿಗೆ 'ಸಾ' ಹೊತ್ತಿನಲ್ಲಿ ದಾರಿ ಬಿಡಿ. ಹಿರಿಯರು ಒಪ್ಪಿದರು. ಈಗ ಕಾವಲು ಹುಡುಗರು ವ್ಯಾನುಗಳನ್ನು ಕೈಬೀಸಿ ಕಳಿಸುತ್ತಾರೆ. ಎಲ್ಲ ವ್ಯಾನುಗಳೂ ಹೋಗುತ್ತವೆ, ಇಯೊಪು ಅವರದೊಂದನ್ನು ಬಿಟ್ಟು. ತಡವಾಗುತ್ತಿದೆ ಎಂದು ದೂರುಗಳು ಬಂದಿವೆ. ತಿಂಗಳ ಕೊನೆಯೊಳಗೆ ಇದು ನಿಲ್ಲದಿದ್ದರೆ ವ್ಯಾನಿನ ಬೀಗದ ಕೈ ವಾಪಸು ಕೊಡಬೇಕು ಎಂದು ಮಾಲೀಕರು ಹೇಳಿದ್ದಾರೆ.

ಹೆಂಡತಿ ಫುವಾತಿನೊಗೆ ಇದು ಶುದ್ಧ ಹಟ. "ಹಿರಿಯರೇ ಹೋಗು ಅಂದ ಮೇಲೆ ನಿಂದೇನು ದೊಡ್ಡಸ್ತಿಕೆ? ನಾಳೆ ಕೆಲಸ ಹೋದ್ರೆ ಗೆಡ್ಡೆ ಕೀಳೋಕೆ ಬಾ ನನ್ನ ಜೊತೆ. ಆ ಸೊಂಟ ಎಷ್ಟು ಬಗ್ಗುತ್ತೋ ನಾನೂ ನೋಡ್ತೀನಿ."

ಇಯೊಪು ಕೆಂಡದಲ್ಲಿ ಸುಟ್ಟ ಬ್ರೆಡ್‌ಫ್ರೂಟ್ ಮುರಿಯುತ್ತಾ ಕೂರುತ್ತಾರೆ. ಒಂದು ತುಂಡು ಅವಳತ್ತ ಚಾಚಿ ಹೇಳುತ್ತಾರೆ: "ನಿಲ್ಲಿಸಿದ್ದು ತಪ್ಪಲ್ಲ ಕಣೇ. ಈಗ ನಾನೂ ಓಡಿಸ್ಕೊಂಡು ಹೋದ್ರೆ, ತಪ್ಪೆಲ್ಲ 'ಸಾ'ದ್ದು ಅಂತ ಆಗುತ್ತೆ. ತಪ್ಪು ನಂದು. ಕಣ್ಣು ಮುಚ್ಚಿದ್ದು ನಾನು."

ಈ ಸಂಜೆಯೂ ಸಿಲಿಂಡರ್ ಬಡಿಯುತ್ತದೆ. ಕಾವಲು ಹುಡುಗ ಕೈಬೀಸುತ್ತಾನೆ. ಸೆಕೊನೆಯ ವ್ಯಾನು ಹಾರ್ನ್ ಹೊಡೆದು ಮುಂದೆ ಹೋಗುತ್ತದೆ. ಇಯೊಪು ಎಂಜಿನ್ ಆರಿಸಿ, ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ, ಕೈಜೋಡಿಸಿ ಕೂರುತ್ತಾರೆ. ತುಟಿ ಅಲ್ಲಾಡುತ್ತಿದೆ. ಕಣ್ಣು ಮಾತ್ರ ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಹೋಗುತ್ತಿದೆ.

ಮುಂದಿನ ಸಾಲಿನ ಹೆಂಗಸು ಮುಜುಗರದಿಂದ ಕೇಳುತ್ತಾಳೆ: "ನಾವೂ ಕಣ್ಣು ಮುಚ್ಚಬೇಕಾ?"

"ಮುಚ್ಕೊಳ್ಳಿ ತಾಯಿ," ಎನ್ನುತ್ತಾರೆ ಇಯೊಪು. "ನಾನು ನೋಡ್ತಿರ್ತೀನಿ."