ಎಲ್ಲರೂ ಕೂಡಿ ಬರೆದದ್ದು, ವಿನುತಾ ಅಳಿಸಿದ್ದು

ಕೆಲವು ತಿಂಗಳ ಹಿಂದೆ ಬಾಳೂರಿನ ಹೋಮ್‌ಸ್ಟೇ ಒಂದರ ಅಂಗಳದಲ್ಲಿ ನಮ್ಮೆಲ್ಲರ ಕೈಗೂ ಒಂದೊಂದು ಕಲ್ಲು ಕೊಟ್ಟರು. ‘ನಿಮ್ಮ ಈಗೋ ಇದರೊಳಗಿದೆ ಅಂದ್ಕೊಳ್ಳಿ. ಕಣಿವೆಗೆ ಎಸೆದುಬಿಡಿ’ ಎಂದರು. ಎಸೆದೆವು. (ಕೆಳಗೆ ಕಾಫಿ ಗಿಡಗಳ ಮಧ್ಯೆ ಯಾರಾದರೂ ಕೆಲಸ ಮಾಡುತ್ತಿದ್ದರೆ ಅವರ ತಲೆಯ ಗತಿಯೇನು ಎಂದು ಯಾರೂ ಕೇಳಲಿಲ್ಲ.) ಎಸೆಯದೆ ಉಳಿದವರು ಬೆಂಗಳೂರಿನಿಂದ ಬಂದಿದ್ದ ಪ್ರೊಫೆಸರ್ ಒಬ್ಬರೇ. ಪಾಪ, ಅವರ ಕೈಯಲ್ಲಿ ಮೈಕ್ ಇತ್ತು.

ಇದರ ಹೆಸರು ‘ಕೊಲಾಬರೇಟಿವ್ ರೈಟಿಂಗ್ ರಿಟ್ರೀಟ್’. ಅಂದರೆ, ಮನಃಶಾಸ್ತ್ರದಲ್ಲಿ ಈಗಷ್ಟೇ ಸಂಶೋಧನೆಗೆ ಇಳಿದ ಹುಡುಗ ಹುಡುಗಿಯರು ಬೆಟ್ಟದ ಮೇಲೆ ಸೇರಿ, ಕಾಫಿ ಕುಡಿದು, ಎಲ್ಲರೂ ಕೂಡಿ ಒಂದು ಪ್ರಬಂಧ ಬರೆಯುವುದು. ಚಿಕ್ಕಮಗಳೂರಿನಲ್ಲಿ ಅದೇ ವಿಷಯ ಪಾಠ ಮಾಡಿ ನಿವೃತ್ತಳಾದ ನನ್ನನ್ನು ‘ಮೆಂಟರ್’ ಅಂತ ಕರೆದಿದ್ದರು. ಹೋದೆ. ಬುದ್ಧಿ ಎಲ್ಲಿತ್ತೋ!

ಬೆಳಿಗ್ಗೆ ವೃತ್ತಾಕಾರವಾಗಿ ಕೂತು ‘ಈಗ ಹೇಗನ್ನಿಸುತ್ತಿದೆ’ ಎಂದು ಹಂಚಿಕೊಳ್ಳುವುದು. ಆಮೇಲೆ ತಿಂಡಿ. ಆಮೇಲೆ ಮರ ಮುಟ್ಟಿ ಮೌನ. ಬರೆಯುವುದು ಯಾವಾಗ? ಅದಕ್ಕೂ ಜಾಗ ಇತ್ತು, ಊಟಕ್ಕೂ ನಿದ್ದೆಗೂ ನಡುವೆ.

ಆದರೆ ಬರೆಯಲು ಏನಾದರೂ ಬೇಕಲ್ಲ? ಅದು ಇದ್ದದ್ದು ಒಬ್ಬಳ ಹತ್ತಿರ ಮಾತ್ರ. ಕಳಸದ ಹುಡುಗಿ ವಿನುತಾ. ಗಣಿ ನಿಂತಮೇಲೆ ಕುದುರೆಮುಖದ ಟೌನ್‌ಶಿಪ್ ಬಿಟ್ಟು ಹೋದವರನ್ನು ಊರೂರು ಹುಡುಕಿ ಮಾತಾಡಿಸಿದ್ದಳು. ಯಾರಾದರೂ ವಿಳಾಸ ಕೇಳಿದರೆ ಈಗಲೂ ಹಳೆಯ ಕ್ವಾರ್ಟರ್ಸ್ ನಂಬರನ್ನೇ ಹೇಳಿ, ಆಮೇಲೆ ನಾಲಿಗೆ ಕಚ್ಚಿಕೊಳ್ಳುವ ಹೆಂಗಸಿನ ಮಾತನ್ನು ಅವಳು ಓದಿದಾಗ, ಇಡೀ ರಿಟ್ರೀಟಿನಲ್ಲಿ ಮೊದಲ ಸಲ ನಿಜವಾದ ಮೌನ ಬಂತು.

‘ಬ್ಯೂಟಿಫುಲ್! ಇದು ನಮ್ಮೆಲ್ಲರ ಡೇಟಾ’ ಎಂದರು ಪ್ರೊಫೆಸರ್.

ನಮ್ಮೆಲ್ಲರ? ಯಾವಾಗಿನಿಂದ?

ವಿನುತಾ ನಂಬಿದಳು. ಎಲ್ಲರೂ ತಿದ್ದಬಹುದಾದ ಒಂದು ಆನ್‌ಲೈನ್ ಫೈಲಿಗೆ ತನ್ನ ಸಂದರ್ಶನಗಳನ್ನೆಲ್ಲ ಹಾಕಿದಳು. ಉಳಿದವರು ಅಲ್ಲೊಂದು ಅಲ್ಪವಿರಾಮ, ಇಲ್ಲೊಂದು ‘ಹೌಎವರ್’ ಸೇರಿಸಿದರು. ಕೊನೆಯ ದಿನ ಪ್ರೊಜೆಕ್ಟರಿನಲ್ಲಿ ಗೋಡೆಯ ಮೇಲೆ ಲೇಖಕರ ಹೆಸರು ಮೂಡಿತು. ಮೊದಲು ಪ್ರೊಫೆಸರ್. ಆಮೇಲೆ ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಮಿಕ್ಕವರು. ಒಂದು ಸಾಲೂ ಬರೆಯದ ನಾನೂ ಇದ್ದೆ! ವಿನುತಾ ಕಟ್ಟಕಡೆಗೆ.

ಅವಳು ಎದ್ದು ನಿಂತಳು. ‘ಸರ್, ಎಲ್ಲರ ಹೆಸರೂ ಇರ್ಲಿ. ಆದ್ರೆ ಮನೆಮನೆಗೆ ಹೋಗಿ ಕೂತು ಕೇಳಿದ್ದು ನಾನಲ್ವಾ? ನನ್ನ ಹೆಸ್ರು ಮೊದ್ಲು ಬರ್ಬೇಕಲ್ಲ?’

ಪ್ರೊಫೆಸರ್ ದನಿ ತಗ್ಗಿಸಿದರು. ‘ವಿನುತಾ, ಈ ಕೋಪ ನಿಮ್ಮ ದೇಹದಲ್ಲಿ ಎಲ್ಲಿ ಕೂತಿದೆ ಅಂತ ಗಮನಿಸಿ. ನಿಧಾನಕ್ಕೆ ಉಸಿರು ಎಳ್ಕೊಳ್ಳಿ.’

ಕೇಳಿದ್ದು ಹೆಸರು. ಸಿಕ್ಕಿದ್ದು ಪ್ರಾಣಾಯಾಮ.

‘ದೇಹದಲ್ಲಿ ಎಂತದೂ ಇಲ್ಲ ಸರ್. ಅಲ್ಲುಂಟು’ ಎಂದು ಗೋಡೆ ತೋರಿಸಿದಳು.

‘ನೋಡಿ, ಇದು ಸೇಫ್ ಸ್ಪೇಸ್. ಇಲ್ಲಿ ನನ್ನದು ನಿನ್ನದು ಅಂತ ಇಲ್ಲ.’

‘ಹಾಗಾದ್ರೆ ನಿಮ್ಮ ಹೆಸ್ರು ಕೊನೆಗೆ ಹಾಕಿ ಸರ್’ ಎಂದೆ ನಾನು. ‘ನನ್ನದನ್ನ ತೆಗೆದೇಬಿಡಿ.’

ಅವರು ನಕ್ಕರು. ‘ಮೇಡಂ, ನೀವು ಹಳೇ ಕಾಲದವರು. ಜರ್ನಲ್‌ನೋರು ಸೀನಿಯರ್ ಯಾರು ಅಂತ ನೋಡ್ತಾರೆ.’

ಮಿಕ್ಕವರೆಲ್ಲ ಲ್ಯಾಪ್‌ಟಾಪಿನಲ್ಲಿ ಏನನ್ನೋ ಹುಡುಕುತ್ತಿದ್ದರು. (ತಮ್ಮ ಬೆನ್ನೆಲುಬನ್ನೇ ಇರಬೇಕು.) ವಿನುತಾಗಂತೂ ಸುಮ್ಮನಿರಲು ಎಲ್ಲರಿಗಿಂತ ದೊಡ್ಡ ಕಾರಣವಿತ್ತು. ಅದೇ ಪ್ರೊಫೆಸರರ ಪ್ರಾಜೆಕ್ಟಿನಲ್ಲಿ ಕೆಲಸಕ್ಕೆ ಅವಳು ಅರ್ಜಿ ಹಾಕಿದ್ದಳು. ಸಂಜೆಯೊಳಗೆ ಹೇಳುತ್ತೇನೆ ಎಂದಿದ್ದರು ಅವರು.

ಅವಳು ಕೂತಳು. ಮುಗಿಯಿತು, ಸೋತಳು ಎಂದುಕೊಂಡೆ. ಅಷ್ಟರಲ್ಲಿ ಗೋಡೆಯ ಮೇಲಿನ ಸಾಲುಗಳು ಒಂದೊಂದಾಗಿ ಮಾಯವಾಗತೊಡಗಿದವು. ತಾನು ಹಾಕಿದ್ದನ್ನೆಲ್ಲ ಅವಳು ಅಳಿಸುತ್ತಿದ್ದಳು.

‘ಏನ್ ಮಾಡ್ತಿದ್ದೀರಿ?’ ಪ್ರೊಫೆಸರರ ದನಿಯಲ್ಲಿ ಈಗ ಧ್ಯಾನ ಇರಲಿಲ್ಲ.

‘ಅವ್ರೆಲ್ಲ ನನ್ನ ಮುಖ ನೋಡಿ ಹೇಳಿದ್ದು ಸರ್. ಬೇರೆಯವ್ರಿಗೆ ಕೊಡಲ್ಲ ಅಂತ ಮಾತು ಕೊಟ್ಟಿದ್ದೆ. ಇಲ್ಲಿ ಹಾಕಿದ್ದೇ ತಪ್ಪಾಯ್ತು.’

ಕೊನೆಗೆ ಗೋಡೆಯ ಮೇಲೆ ಉಳಿದದ್ದು ಪೀಠಿಕೆ, ಉಪಸಂಹಾರ, ಮತ್ತು ಕಡುಬು ಮಾಡಿಸಿಕೊಟ್ಟ ಹೋಮ್‌ಸ್ಟೇ ಮಾಲೀಕರಿಗೆ ಕೃತಜ್ಞತೆ. ಎಲ್ಲರೂ ಕೂಡಿ ಬರೆದದ್ದು ಅಷ್ಟೇ ಇತ್ತು.

ಹೊರಗೆ ಜಗುಲಿಗೆ ಬಂದು ಅವಳು ಕಂಬಕ್ಕೆ ಒರಗಿದಳು. ‘ಕೆಲ್ಸ ಹೋಯ್ತಲ್ಲ ಮೇಡಂ. ಅಮ್ಮನ ಹತ್ರ ಎಂತ ಹೇಳೂದು?’

‘ಆದದ್ದೇ ಹೇಳು ಮಾರಾಯ್ತಿ. ಅಮ್ಮಂದಿರಿಗೆ ಇಂಥದ್ದು ಬೇಗ ಅರ್ಥ ಆಗ್ತದೆ.’

ಅತ್ತಳು. ಮುಖ ತೊಳೆದಳು. ಚೀಲ ಹೆಗಲಿಗೇರಿಸಿ ಕಳಸದ ಜೀಪು ಹತ್ತಿದಳು. ನಾನು ಎದುರು ದಿಕ್ಕಿನ ಬಸ್ಸಿಗೆ ಕಾದೆ. ಗ್ರೂಪ್ ಫೋಟೋಗೆ ಯಾರೋ ಕರೆದರು, ಹೋಗಲಿಲ್ಲ.

ಕೆಲಸ ಸಿಗಲಿಲ್ಲ, ನಿಜ. ಸಿಗುತ್ತದೆ ಎಂದು ಯಾರು ನಂಬಿದ್ದರು? ಅವಳೀಗ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಪ್ರಬಂಧವನ್ನು ಒಬ್ಬಳೇ ಬರೆದು ಜರ್ನಲ್ ಒಂದಕ್ಕೆ ಕಳಿಸಿದ್ದಾಳೆ, ಉತ್ತರ ಬಂದಿಲ್ಲ. ರಿಟ್ರೀಟಿನ ಗೆಳೆಯರಿಂದ ಮಾತ್ರ ಮೆಸೇಜುಗಳು ಬಂದವಂತೆ: ‘ನೀನು ಮಾಡಿದ್ದೇ ಸರಿ.’ ಎಲ್ಲವೂ ಖಾಸಗಿಯಾಗಿ. ಗ್ರೂಪಿನಲ್ಲಿ ಒಂದೂ ಇಲ್ಲ. ಅಲ್ಲಿ ಪ್ರೊಫೆಸರರ ಫೋಟೋಗೆ ಹೃದಯದ ಚಿಹ್ನೆಗಳು ಬಿದ್ದಿವೆ.

ಯುವ ಸಂಶೋಧಕರ ಒತ್ತಡ ಇಳಿಸಲು ಇಂಥ ಶಿಬಿರಗಳು ಅಗತ್ಯವಂತೆ. ಬೆಟ್ಟ ಯಾಕೆ ಮಾರಾಯ್ರೆ, ಬರೆದವರ ಹೆಸರು ಮೊದಲು ಹಾಕಿದರೆ ಸಾಲದೇ?