ಅತ್ತೆಯ ಹೊರಳದ ಕುತ್ತಿಗೆ

ನಮ್ಮತ್ತೆ ಶರಣವ್ವ ಯಾರು ಕರೆದರೂ ಕುತ್ತಿಗೆ ತಿರುಗಿಸುತ್ತಿರಲಿಲ್ಲ. ಪಾದದಿಂದ ಹಿಡಿದು ಇಡೀ ಮೈಯನ್ನೇ, ಕದ ತೆರೆದಂತೆ, ಕರೆದವರ ಕಡೆ ತಿರುಗಿಸುತ್ತಿದ್ದರು. ನಿಜಾಮರ ಕಾಲದಲ್ಲಿ ಮಾನ್ವಿಯ ಆ ಮನೆಗೆ ಸೊಸೆಯಾಗಿ ಹೋದ ಹೊಸತರಲ್ಲಿ, ಎಂಥ ಬಿಂಕದ ಹೆಂಗಸಪ್ಪಾ ಎಂದುಕೊಂಡಿದ್ದೆ.

ಬಿಂಕವಲ್ಲ. ಕಟ್ಟಿಗೆಯ ಹೊರೆ ಹೊತ್ತು ಬರುವಾಗ ಜಾರಿ ಬಿದ್ದು ಕುತ್ತಿಗೆ ಉಳುಕಿತ್ತಂತೆ. ಅಂದಿನಿಂದ ಅದು ಕೊಂಚ ಹೊರಳಿದರೂ ಕಣ್ಣು ತಾವಾಗಿಯೇ ಪಕ್ಕಕ್ಕೆ ಜಾರಿ, ಗೋಡೆಯೇ ಓಡಿದಂತಾಗಿ ವಾಂತಿ ಬರುತ್ತಿತ್ತು. ಅಂಗಳ ದಾಟುವುದನ್ನೇ ಬಿಟ್ಟಿದ್ದ ಅತ್ತೆ ಅಡುಗೆಮನೆಯ ಕಂಬಕ್ಕೆ ಒರಗಿ, ಕೂತಲ್ಲಿಂದಲೇ ನನ್ನನ್ನು ಕಾಯುತ್ತಿದ್ದರು. "ರೊಟ್ಟಿ ಹೊತ್ತಾಕತ್ತದ ನೋಡಬೇ, ನಿನ್ನ ಕುತ್ತಿಗಿನಾದ್ರೂ ಹೊಳ್ಳತದಲ್ಲ!" ಎಂದು ನಗಿಸುತ್ತಿದ್ದರು.

ದೇವದುರ್ಗಕ್ಕೆ ಕೊಟ್ಟಿದ್ದ ಒಬ್ಬಳೇ ಮಗಳು ಹೆತ್ತು ಹಾಸಿಗೆ ಹಿಡಿದಿದ್ದಾಳೆ, ಅವ್ವನನ್ನು ಕೇಳುತ್ತಿದ್ದಾಳೆ ಎಂದು ಬೀಗರು ಹೇಳಿಕಳಿಸಿದರು. ಮಾವ ಬಂಡಿ ಹೂಡಿಸಿದರು. ತಲೆ ಅಲುಗದಿದ್ದರೆ ಸಾಕೆಂದು ಅತ್ತೆಯ ತಲೆಯನ್ನು ತಮ್ಮ ರುಮಾಲಿನಿಂದ ಬಂಡಿಯ ಗೂಟಕ್ಕೆ ಕಟ್ಟಿದರು. ಬಂಡಿ ಕುಲುಕಿದಂತೆಲ್ಲ ತಲೆ ನಿಂತಲ್ಲೇ ನಿಂತಿತು, ಮೈ ಮಾತ್ರ ಅತ್ತಿತ್ತ ಹೊರಳಿತು. ಊರ ಹೊರಗಿನ ಬಾವಿ ಮುಟ್ಟುವಷ್ಟರಲ್ಲಿ ಅತ್ತೆ ವಾಂತಿ ಮಾಡಿ ಮಾಡಿ ಸೋತುಹೋದರು. ವಾಪಸ್ಸು ಬಂದೆವು.

ಮನೆಯಲ್ಲಿ ಕೊಂಚ ಸುಧಾರಿಸಿಕೊಂಡು, "ನನ್ನ ತಲಿ ಗಟ್ಟಿ ಹಿಡಿಯಬೇ" ಎಂದರು. ಎರಡೂ ಕೈಯಲ್ಲಿ ಹಿಡಿದೆ. ಅತ್ತೆ ಭುಜವನ್ನಷ್ಟೇ ಮೆಲ್ಲಗೆ ತಿರುಗಿಸಿದರು. ತಲೆ ನನ್ನ ಅಂಗೈಯಲ್ಲೇ ಇತ್ತು, ಕಣ್ಣು ಜಾರಿಹೋದವು. ನನಗೆ ಹೆದರಿಕೆಯಾಯಿತು.

"ನೋಡಿದಿ? ತಲಿ ಅಷ್ಟ ಕಟ್ಟಿದ್ರ ಆಗೂದಿಲ್ಲ. ಕಣ್ಣು ಕುತ್ತಿಗಿ ಹೇಳಿದಂಗ ಕೇಳಾಕತ್ತಾವ. ಬೆನ್ನು, ತಲಿ ಎರಡೂ ಒಂದ ಹಲಗಿಗೆ ಬಿಗೀರಿ. ಮಗಳ ಮಾರಿ ನೋಡಿ ಬರ್ತೀನಿ."

ಬಾಗಿಲಲ್ಲಿ ನಿಂತಿದ್ದ ಮಾವನ ಮುಖ ಕಪ್ಪಿಟ್ಟಿತು. ನಮ್ಮಲ್ಲಿ ಸತ್ತವರನ್ನು ಹಾಗೆ ಕೂರಿಸಿ, ಬೆನ್ನು ತಲೆ ಕಟ್ಟಿ ಮಣ್ಣಿಗೆ ಒಯ್ಯುವುದು. "ಬದುಕಿದಾಕಿನ್ನ ಹಂಗ ಕಟ್ಟಿ ಊರಾಗ ಒಯ್ಯಲೇನು? ನನ್ನ ಕೈಲೆ ಆಗೂದಿಲ್ಲ" ಎಂದರು. ಅತ್ತೆ ಕೈಮುಗಿದರು. ನಾನೂ ಹೇಳಿ ನೋಡಿದೆ. ಮಾವ ಎದ್ದು ಹೊಲಕ್ಕೆ ಹೋದರು.

ಕೂಸು ಉಳಿಯಿತು, ಮಗಳು ಉಳಿಯಲಿಲ್ಲ. ಆಮೇಲೆ ಮಾವ ಕರೆದರೆ ಅತ್ತೆ ಓ ಎನ್ನುತ್ತಿದ್ದರು, ಮೈ ಮಾತ್ರ ಅವರ ಕಡೆ ತಿರುಗಿಸುತ್ತಿರಲಿಲ್ಲ.

ಅತ್ತೆ ತೀರಿಕೊಂಡ ದಿನ ಮಾವ ಯಾರನ್ನೂ ಹತ್ತಿರ ಬಿಡಲಿಲ್ಲ. ತಾವೇ ಕೂರಿಸಿ, ಬೆನ್ನಿಗೆ ಹಲಗೆ ಕೊಟ್ಟು, ತಲೆಗೂ ಬೆನ್ನಿಗೂ ಬಟ್ಟೆ ಸುತ್ತಿ ಬಿಗಿದರು. ಗಂಟು ಎಳೆದು ನೋಡಿದರು. ಆಮೇಲೆ ಎದುರಿಗೆ ಬಂದು ಕೂತು ಕೇಳಿದರು:

"ಈಗ ಕುತ್ತಿಗಿ ಹೊಳ್ಳವಲ್ದು. ಹೋಗೂಣೇನ ದೇವದುರ್ಗಕ್ಕ?"